ಹೆಪ್ಪಿನ ಗುಟ್ಟು ಹುಡುಕಿದ ಲೂಯಿ ಪಾಶ್ಚರ್

ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯಲ್ಲಿ ಯಾರಾದರೊಬ್ಬರು ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬೆರೆಸಿ ಮುಚ್ಚಿಡುತ್ತಾರೆ. ಬೆಳಗಿನ ಬಲಿಪೂಜೆ ಮುಗಿಸಿ ಬರುವಷ್ಟರಲ್ಲಿ ಅದು ಗಟ್ಟಿ ಮೊಸರಾಗಿರುತ್ತದೆ. ಹೆಪ್ಪು ಹಾಕದೆ ಮರೆತುಬಿಟ್ಟ ಹಾಲು ಒಡೆದು ನಾರುತ್ತದೆ. ಹೆಪ್ಪು ಹಾಕಿದ ಹಾಲು ಹುಳಿಯಾದರೂ ಎರಡು ದಿನ ತಿನ್ನಲು ಯೋಗ್ಯವಾಗಿಯೇ ಇರುತ್ತದೆ. ಹಾಲೂ ಒಂದೇ, ಅಡುಗೆಮನೆಯೂ ಒಂದೇ. ಹಾಗಾದರೆ ಆ ಒಂದು ಚಮಚ ಮೊಸರು ಅಲ್ಲಿ ಮಾಡಿದ ಕೆಲಸವಾದರೂ ಏನು?

ನಮ್ಮ ಅಜ್ಜಿಯಂದಿರಿಗೆ ಈ ಪ್ರಶ್ನೆ ಎದುರಾಗಲಿಲ್ಲ, ಅವರಿಗೆ ಮೊಸರು ಬೇಕಿತ್ತು, ಮೊಸರಾಗುತ್ತಿತ್ತು. ಆದರೆ ಈ ಪ್ರಶ್ನೆಯನ್ನು ಹಿಡಿದು ಕುಳಿತ ಒಬ್ಬ ಕಥೋಲಿಕ ವಿಜ್ಞಾನಿ ಇದ್ದರು. ಹುಚ್ಚುನಾಯಿ ಕಡಿತಕ್ಕೆ ಚುಚ್ಚುಮದ್ದು ಕಂಡುಹಿಡಿದವರೆಂದು ನೀವು ಶಾಲೆಯಲ್ಲಿ ಓದಿರುವ ಲೂಯಿ ಪಾಶ್ಚರ್ ಅವರೇ ಆ ವ್ಯಕ್ತಿ. ಅವರ ಬದುಕನ್ನು ಇಲ್ಲಿ ಹುಳಿಹಾಲಿನ ಕಡೆಯಿಂದ ನೋಡೋಣ. ಹುಚ್ಚುನಾಯಿಯ ಕಥೆ ಎಲ್ಲರಿಗೂ ಗೊತ್ತು, ಹಾಲಿನ ಕಥೆ ಗೊತ್ತಿರುವವರು ಕಡಿಮೆ.

ಫ್ರಾನ್ಸ್ ದೇಶದ ಪೂರ್ವದಲ್ಲಿ ಜೂರಾ ಪರ್ವತಗಳ ಸೆರಗಿನಲ್ಲಿ ದೋಲ್ ಎಂಬ ಪಟ್ಟಣವಿದೆ. 1822ರ ಡಿಸೆಂಬರ್ 27ರಂದು, ಕ್ರಿಸ್ಮಸ್ ಕಳೆದು ಎರಡು ದಿನಕ್ಕೆ, ಅಲ್ಲಿ ಪಾಶ್ಚರ್ ಜನಿಸಿದರು. ತಂದೆ ಜಾನ್ ಜೋಸೆಫ್ ನೆಪೋಲಿಯನ್ನನ ಸೇನೆಯಲ್ಲಿ ದುಡಿದು ಊರಿಗೆ ಮರಳಿ ಚರ್ಮ ಹದ ಮಾಡುವ ಕಸುಬು ಹಿಡಿದವರು. ಕುಟುಂಬ ಮುಂದೆ ಅರ್ಬ್ವಾ ಎಂಬ ಊರಿನಲ್ಲಿ ನೆಲೆಸಿತು. ಹೊಳೆಯ ದಂಡೆಯ ಮನೆ, ಸುತ್ತ ದ್ರಾಕ್ಷಿತೋಟಗಳು, ಮನೆಯೊಳಗೆ ಹಸಿ ಚರ್ಮದ ವಾಸನೆ. ಬಾಲಕ ಲೂಯಿ ಓದಿನಲ್ಲಿ ಅಷ್ಟೇನೂ ಮುಂದಿರಲಿಲ್ಲ. ಆದರೆ ಬಣ್ಣದ ಕಡ್ಡಿ ಹಿಡಿದು ಎದುರಿಗೆ ಕೂತವರ ಮುಖವನ್ನು ಯಥಾವತ್ತಾಗಿ ಬರೆಯಬಲ್ಲವನಾಗಿದ್ದ. ಹದಿಮೂರನೆಯ ವಯಸ್ಸಿನಲ್ಲಿ ಅವನು ಬರೆದ ತಾಯಿಯ ಚಿತ್ರ ಇಂದಿಗೂ ಉಳಿದಿದೆ. ಪ್ಯಾರಿಸ್ಸಿಗೆ ಓದಲು ಕಳುಹಿಸಿದರೆ ಮನೆಯ ನೆನಪು ಕಾಡಿ, ಕೆಲವೇ ವಾರಗಳಲ್ಲಿ ತಂದೆ ಹೋಗಿ ಕರೆತರಬೇಕಾಯಿತು. ಪದವಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಬಂದ ಅಂಕ ಸಾಧಾರಣ. ಮಕ್ಕಳ ಅಂಕಪಟ್ಟಿ ನೋಡಿ ನಿದ್ದೆಗೆಡುವ ತಂದೆತಾಯಿಯರು ಈ ಮಾತನ್ನು ನೆನಪಿಟ್ಟುಕೊಳ್ಳಬಹುದು.

1849ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅವರು ಮರೀ ಲೋರಾಂ ಎಂಬಾಕೆಯನ್ನು ಮದುವೆಯಾದರು. ಈ ಮಹಾತಾಯಿಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಗಂಡ ಹೇಳಿದ್ದನ್ನು ಸಂಜೆ ಕುಳಿತು ಬರೆದುಕೊಳ್ಳುವುದು, ಅದರಲ್ಲಿ ಅರ್ಥವಾಗದ್ದನ್ನು ಕೇಳಿ ತಿದ್ದಿಸುವುದು, ರೇಷ್ಮೆಹುಳುಗಳ ಸಂಶೋಧನೆ ನಡೆದಾಗ ಹುಳು ಸಾಕುವುದು, ಇವೆಲ್ಲ ಆಕೆಯ ಪಾಲಿಗೆ ಬಂದ ಕೆಲಸಗಳು. ಐವರು ಮಕ್ಕಳಾದರು. ಜಾನ್, ಜಾನ್ ಬತೀಸ್ತ್, ಸೆಸಿಲ್, ಮರೀ ಲೂಯಿಸ್ ಮತ್ತು ಕಮೀಲ್. ಮೊದಲ ಜಾನ್ ಹೆಣ್ಣುಮಗು. ಈ ಹೆಸರುಗಳನ್ನು ಗಮನದಲ್ಲಿಡಿ, ಮುಂದೆ ಮತ್ತೆ ಬರುತ್ತವೆ.

1854ರಲ್ಲಿ ಪಾಶ್ಚರ್ ಅವರು ಉತ್ತರ ಫ್ರಾನ್ಸಿನ ಲೀಲ್ ನಗರದ ವಿಜ್ಞಾನ ಕಾಲೇಜಿಗೆ ಮುಖ್ಯಸ್ಥರಾಗಿ ಹೋದರು. ಅದು ಕಾರ್ಖಾನೆಗಳ ಊರು. ಬೀಟ್‌ರೂಟಿನಿಂದ ಮದ್ಯಸಾರ ತೆಗೆಯುವ ಒಬ್ಬ ಉದ್ಯಮಿಯ ತೊಟ್ಟಿಗಳಲ್ಲಿ 1856ರಲ್ಲಿ ಮದ್ಯಸಾರದ ಬದಲು ಹುಳಿ ಹುಟ್ಟತೊಡಗಿತು. ಪಾಶ್ಚರ್ ಅಲ್ಲಿಗೆ ಹೋಗಿ ಆ ರಸವನ್ನು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹುದುಗುವಿಕೆ ಎಂದರೆ ಸತ್ತ ಪದಾರ್ಥ ಕೊಳೆಯುವಾಗ ಪಕ್ಕದ ಸಕ್ಕರೆಯನ್ನೂ ಕೆಡಿಸುವುದು ಎಂದು ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರು ನಂಬಿದ್ದರು. ಹಾಲು ಹುಳಿಯಾಗುವುದಕ್ಕೂ ಅವರು ಕೊಡುತ್ತಿದ್ದ ವಿವರಣೆ ಅದೇ.

ಹುಳಿಯಾದ ದ್ರವದ ಅಡಿಯಲ್ಲಿ ಕೆಲವೊಮ್ಮೆ ಬೂದುಬಣ್ಣದ ಲೋಳೆಯಂಥ ವಸ್ತುವೊಂದು ಸಣ್ಣಸಣ್ಣ ಮಚ್ಚೆಗಳಾಗಿ ಕೂತಿರುವುದನ್ನು ಪಾಶ್ಚರ್ ಕಂಡರು. ಬೇರೆಯವರಾದರೆ ಕಸವೆಂದು ಚೆಲ್ಲಿಬಿಡುವಂಥದ್ದು. ಅವರು ಅದರಲ್ಲಿ ಒಂದಿಷ್ಟನ್ನು ತೆಗೆದು, ಸೋಸಿದ ತಿಳಿಯಾದ ಯೀಸ್ಟ್ ನೀರಿಗೆ ಸಕ್ಕರೆ ಮತ್ತು ಸುಣ್ಣದ ಪುಡಿ ಬೆರೆಸಿ, ಅದರಲ್ಲಿ ಬಿತ್ತಿದರು. ಮರುದಿನವೇ ಅಲ್ಲಿ ಹುಳಿಯ ಕೆಲಸ ಜೋರಾಗಿ ನಡೆದಿತ್ತು. ಬೂದು ವಸ್ತುವೂ ಬೆಳೆದಿತ್ತು. ಅದರಿಂದ ತೆಗೆದು ಇನ್ನೊಂದರಲ್ಲಿ ಬಿತ್ತಿದರೆ ಅಲ್ಲಿಯೂ ಹಾಗೆಯೇ. ಅಂದರೆ ಅವರು ಮಾಡಿದ್ದು ಹೆಪ್ಪು ಹಾಕುವ ಕೆಲಸವೇ, ಆದರೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಮಾಡಿದರು. ಹಾಲನ್ನು ಹುಳಿ ಮಾಡುವುದು ಬದುಕಿರುವ, ಬೆಳೆಯುವ, ತನ್ನ ಸಂತತಿಯನ್ನೇ ಹೆರುವ ಒಂದು ಸೂಕ್ಷ್ಮಜೀವಿ ಎಂದು 1857ರ ಆಗಸ್ಟಿನಲ್ಲಿ ಲೀಲ್ ನಗರದ ವಿಜ್ಞಾನ ಸಂಘದ ಮುಂದೆ ಪ್ರಬಂಧ ಓದಿದರು. ಸೂಕ್ಷ್ಮಜೀವಿ ವಿಜ್ಞಾನದ ಬುನಾದಿಯ ಕಲ್ಲು ಆ ಪ್ರಬಂಧವೇ ಎಂದರೆ ತಪ್ಪಿಲ್ಲ.

ಅದೇ ಪ್ರಬಂಧದಲ್ಲಿ ಈರುಳ್ಳಿಯ ಮಾತೊಂದಿದೆ. ಓದಿದವರು ಹೆಚ್ಚಾಗಿ ದಾಟಿಹೋಗುವ ಮಾತು ಅದು. ಈರುಳ್ಳಿ ರಸದಲ್ಲಿಯೂ ಪಾಶ್ಚರ್ ಪ್ರಯೋಗ ಮಾಡಿದ್ದರು. ಕಣ್ಣಲ್ಲಿ ನೀರು ತರಿಸುವ ಅದರ ಘಾಟಿನ ಎಣ್ಣೆ ಮದ್ಯ ಹುದುಗಿಸುವ ಯೀಸ್ಟನ್ನು ಪೂರ್ತಿ ತಡೆಹಿಡಿಯಿತು. ನೀರಿನಲ್ಲಿ ಓಡಾಡುವ ಸೂಕ್ಷ್ಮ ಪ್ರಾಣಿಗಳಿಗೂ ಅದು ಆಗಿಬರಲಿಲ್ಲ. ಹಾಲನ್ನು ಹುಳಿ ಮಾಡುವ ಜೀವಿಗೆ ಮಾತ್ರ ಅದರಿಂದ ಹೇಳಿಕೊಳ್ಳುವಂಥ ಬಾಧೆ ಆಗಲಿಲ್ಲ. ಮೊಸರುಬಜ್ಜಿಗೆ ಈರುಳ್ಳಿ ಹೆಚ್ಚಿ ಹಾಕಿ ಬೆಳಗ್ಗೆ ಇಟ್ಟದ್ದು ಸಂಜೆಗೆ ಇನ್ನಷ್ಟು ಹುಳಿಯಾಗಿರುವುದನ್ನು ನೀವೂ ಕಂಡಿದ್ದೀರಿ. ಈರುಳ್ಳಿ ಅಲ್ಲಿ ಮೊಸರಿನ ಕೆಲಸವನ್ನು ನಿಲ್ಲಿಸುವುದಿಲ್ಲ. ಗಿಡದ ರಸವೊಂದು ಒಂದು ಜೀವಿಯನ್ನು ತಡೆದು ಪಕ್ಕದ ಇನ್ನೊಂದನ್ನು ಬಾಳಲು ಬಿಡುತ್ತದೆ. ಆಂಟಿಬಯೋಟಿಕ್ ಔಷಧಗಳ ತಿರುಳೂ ಇಷ್ಟೇ, ಕೊಲ್ಲಬೇಕಾದ್ದನ್ನು ಕೊಂದು ಉಳಿಯಬೇಕಾದ್ದನ್ನು ಉಳಿಸುವುದು. ಆದರೆ 1857ರಲ್ಲಿ ಅಂಥ ಔಷಧದ ಹೆಸರೂ ಹುಟ್ಟಿರಲಿಲ್ಲ.

ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಕುಟುಂಬ ಪ್ಯಾರಿಸ್ಸಿಗೆ ಬಂದಿತ್ತು. 1859ರ ಸೆಪ್ಟೆಂಬರಿನಲ್ಲಿ, ರಜೆಗೆಂದು ಅಜ್ಜನ ಮನೆಗೆ ಹೋಗಿದ್ದ ಹಿರಿಯ ಮಗಳು ಜಾನ್ ವಿಷಮಶೀತ ಜ್ವರದಿಂದ, ಎಂದರೆ ಟೈಫಾಯ್ಡಿನಿಂದ ತೀರಿಕೊಂಡಳು. ಆಗ ಅವಳಿಗೆ ಒಂಬತ್ತು ವರ್ಷ. 1865ರಲ್ಲಿ ಮೊದಲು ತಂದೆ ಹೋದರು, ಕೆಲವೇ ತಿಂಗಳಲ್ಲಿ ಎರಡು ವರ್ಷದ ಕಮೀಲ್ ಹೋದಳು. ಮರುವರ್ಷ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಸೆಸಿಲ್ ಮತ್ತೆ ಅದೇ ಟೈಫಾಯ್ಡಿಗೆ ಬಲಿಯಾದಳು. ಏಳು ವರ್ಷದೊಳಗೆ ಮೂರು ಹೆಣ್ಣುಮಕ್ಕಳ ಶವಪೆಟ್ಟಿಗೆಗಳು. ಸೂಕ್ಷ್ಮಜೀವಿಗಳ ಬಗ್ಗೆ ಲೋಕದಲ್ಲೇ ಹೆಚ್ಚು ತಿಳಿದಿದ್ದ ಮನುಷ್ಯ, ತನ್ನ ಮಕ್ಕಳನ್ನು ಕೊಲ್ಲುತ್ತಿದ್ದುದು ಅಂಥದ್ದೇ ಒಂದು ಜೀವಿ ಎಂದು ತೋರಿಸಲಾರದವರಾಗಿದ್ದರು. ಟೈಫಾಯ್ಡಿನ ಬ್ಯಾಕ್ಟೀರಿಯಾವನ್ನು ಬೇರೊಬ್ಬರು ಕಂಡದ್ದು 1880ರಲ್ಲಿ.

ಮಗುವನ್ನು ಕಳೆದುಕೊಂಡ ತಂದೆತಾಯಿಯರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅವರ ಮುಂದೆ ಈ ದುಃಖಕ್ಕೆ ಅರ್ಥ ಹಚ್ಚಲು ನಾನು ಹೋಗುವುದಿಲ್ಲ. ಪಾಶ್ಚರ್ ದಂಪತಿಗಳು ಮಾಡಿದ್ದನ್ನು ಮಾತ್ರ ಹೇಳಬಲ್ಲೆ. ಮರೀ ಪೂಜೆಗೆ ಹೋಗುವುದನ್ನು ಬಿಡಲಿಲ್ಲ, ಪಾಶ್ಚರ್ ಪ್ರಯೋಗಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ.

ಈ ವರ್ಷಗಳಲ್ಲಿಯೇ ಹಾಲು ಅವರಿಗೆ ಇನ್ನೊಂದು ಪಾಠ ಕಲಿಸಿತು. ಜೀವಿಗಳು ಗಾಳಿಯಿಂದ ಬಂದು ಬೀಳದಿದ್ದರೆ ಯಾವುದೂ ಕೆಡುವುದಿಲ್ಲವೆಂದು ತೋರಿಸಲು ಅವರು ಸೀಸೆಗಳಲ್ಲಿ ಬಗೆಬಗೆಯ ದ್ರವಗಳನ್ನು ಕುದಿಸಿಡುತ್ತಿದ್ದರು. ಸಕ್ಕರೆ ಬೆರೆಸಿದ ಯೀಸ್ಟ್ ನೀರು ಕೆಡುತ್ತಿರಲಿಲ್ಲ. ಹಾಲು ಮಾತ್ರ 100 ಡಿಗ್ರಿಯಲ್ಲಿ ಕುದಿಸಿದರೂ ಕೆಲವು ದಿನಗಳಲ್ಲಿ ಒಡೆಯುತ್ತಿತ್ತು. 110 ಡಿಗ್ರಿಗೆ ಏರಿಸಿದಾಗ ಹಾಗೇ ಉಳಿಯಿತು. ಕೆಲವು ಬ್ಯಾಕ್ಟೀರಿಯಾಗಳು ಬೀಜಕವೆಂಬ ಗಟ್ಟಿ ಕವಚದೊಳಗೆ ಸೇರಿಕೊಂಡು ಕುದಿಯುವ ನೀರಿನಲ್ಲೂ ಬದುಕುತ್ತವೆ ಎಂಬುದು ಮುಂದೆ ಸ್ಪಷ್ಟವಾಯಿತು. 1861ರಲ್ಲಿ ಅವರು ಗಾಳಿಯೇ ಇಲ್ಲದೆ ಬದುಕುವ, ಕೆಟ್ಟ ಬೆಣ್ಣೆಯ ವಾಸನೆ ಹುಟ್ಟಿಸುವ ಒಂದು ಜೀವಿಯನ್ನೂ ಕಂಡುಹಿಡಿದರು. ಅದರ ಬಳಗದವೇ ಚೀಸ್ ಗಡ್ಡೆಯೊಳಗೆ ಸೇರಿ ಅನಿಲ ಹುಟ್ಟಿಸಿ ಅದನ್ನು ಉಬ್ಬಿಸಿ ಬಿರಿಸುತ್ತವೆ.

ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಪ್ಯಾಕೆಟ್ ಹಾಲಿನ ಮೇಲೆ ಪಾಶ್ಚರೀಕರಿಸಿದ್ದು ಎಂದು ಬರೆದಿರುವುದರಿಂದ ಅವರು ಹಾಲನ್ನು ಕಾಯಿಸುವ ವಿಧಾನ ಕಂಡುಹಿಡಿದರೆಂದು ನಾವು ತಿಳಿದಿದ್ದೇವೆ. ಅವರು ಮೆಲ್ಲನೆ ಕಾಯಿಸಿ ಕೆಡದಂತೆ ಮಾಡಿದ್ದು ದ್ರಾಕ್ಷಾರಸವನ್ನು. ಆ ವಿಧಾನವನ್ನು ಶಿಶುಗಳ ಹಾಲಿಗೆ ಅನ್ವಯಿಸುವ ಸಲಹೆ 1886ರಲ್ಲಿ ಜರ್ಮನಿಯ ಸಾಕ್ಸ್‌ಲೆಟ್ ಎಂಬ ವಿಜ್ಞಾನಿಯಿಂದ ಬಂತು. ಇಂದು ಡೇರಿಗಳು ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುತ್ತವೆ. ಟೈಫಾಯ್ಡ್, ಕ್ಷಯದಂಥ ರೋಗಾಣುಗಳು ಸಾಯಲು ಅಷ್ಟು ಸಾಕು. ಬೀಜಕಗಳು ಸಾಯುವುದಿಲ್ಲ.

1868ರ ಅಕ್ಟೋಬರ್ 19ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಪಾಶ್ಚರ್ ಅವರಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಮತ್ತೆಂದೂ ಮೊದಲಿನಂತಾಗಲಿಲ್ಲ. ನಾವು ಪಠ್ಯಪುಸ್ತಕದಲ್ಲಿ ಓದುವ ಸಾಧನೆಗಳಲ್ಲಿ ಬಹಳಷ್ಟು ಇದಾದ ಮೇಲಿನವು. ರೇಷ್ಮೆಹುಳುಗಳ ಗಂಟುರೋಗದ ಕೆಲಸ ಮುಗಿಸಿದ್ದೂ ಆಗಲೇ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆಗಳನ್ನಷ್ಟೇ ಇಟ್ಟುಕೊಳ್ಳುವ ಅವರ ಪದ್ಧತಿ ನಮ್ಮ ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಿಗೂ ಬಂದಿದೆ.

ಈಗ 1877ಕ್ಕೆ ಬರೋಣ. ದನಕುರಿಗಳನ್ನು ಕೊಲ್ಲುವ ನೆರಡಿ ರೋಗದ ಬ್ಯಾಕ್ಟೀರಿಯಾವನ್ನು ಪಾಶ್ಚರ್ ಮತ್ತು ಅವರ ಸಹಾಯಕ ಜೂಲ್ ಜೂಬೇರ್ ಶುದ್ಧವಾದ ಮೂತ್ರದಲ್ಲಿ ಬೆಳೆಸುತ್ತಿದ್ದರು. ಗಾಳಿಯಲ್ಲಿ ಸಾಮಾನ್ಯವಾಗಿ ಇರುವ ಬೇರೆ ಬ್ಯಾಕ್ಟೀರಿಯಾಗಳನ್ನು ಜೊತೆಗೇ ಬಿತ್ತಿದಾಗ ನೆರಡಿಯ ಜೀವಿ ತಲೆಯೆತ್ತಲಿಲ್ಲ, ಬೇಗನೆ ಅಳಿದೂ ಹೋಯಿತು. ಆಶ್ಚರ್ಯವೆಂದರೆ ಪ್ರಾಣಿಯ ದೇಹಕ್ಕೆ ನೆರಡಿಯ ಜೀವಿಗಳನ್ನು ಧಾರಾಳವಾಗಿ ಚುಚ್ಚಿದರೂ, ಆ ದ್ರವದಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಬೆರೆತಿದ್ದರೆ ರೋಗ ಬಾರದೆ ಹೋಗುತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ ಹುಳಿರಸದಲ್ಲಿ ಕಂಡದ್ದೇ ಈಗ ರೋಗದ ಅಂಗಳದಲ್ಲಿ ಕಾಣಿಸಿತು. ಒಂದು ಜೀವ ಇನ್ನೊಂದನ್ನು ತಡೆಯುತ್ತದೆ. ಈ ಸಂಗತಿಯಿಂದ ರೋಗಚಿಕಿತ್ಸೆಗೆ ಬಹು ದೊಡ್ಡ ಭರವಸೆ ಇಟ್ಟುಕೊಳ್ಳಬಹುದೆಂದು ಅವರು ಬರೆದರು. ಅಲ್ಲಿಗೆ ಆ ಎಳೆಯನ್ನು ಬಿಟ್ಟರು. ಲಸಿಕೆಗಳ ಕೆಲಸ ಅವರನ್ನು ಎಳೆದುಕೊಂಡಿತು.

ಆ ಎಳೆ ಎಲ್ಲಿಗೆ ಹೋಯಿತು ಎಂದು ಕೇಳುವಿರಾದರೆ, ಅದು ಮರಳಿ ಹಾಲಿನ ಪಾತ್ರೆಗೇ ಬಂತು. 1928ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, 1933ರಲ್ಲಿ ನ್ಯೂಜಿಲೆಂಡಿನ ಚೀಸ್ ಕೆಲಸದಲ್ಲಿದ್ದ ವೈಟ್‌ಹೆಡ್ ಎಂಬವರು, ಹಾಲನ್ನು ಹುಳಿ ಮಾಡುವ ಕೆಲವು ಬ್ಯಾಕ್ಟೀರಿಯಾಗಳು ಪಕ್ಕದ ಬ್ಯಾಕ್ಟೀರಿಯಾಗಳನ್ನು ಬೆಳೆಯಗೊಡದ ಏನನ್ನೋ ಒಸರುತ್ತವೆ ಎಂದು ಕಂಡರು. ಬರಿಯ ಹುಳಿಯಲ್ಲ, ಹುಳಿಗಿಂತ ಹೆಚ್ಚಿನದೇನೋ. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹರ್ಷ್ ಅದಕ್ಕೆ ನೈಸಿನ್ ಎಂದು ಹೆಸರಿಟ್ಟರು. ಅದು ಪ್ರೋಟೀನಿನ ಒಂದು ಚಿಕ್ಕ ತುಣುಕು. ವೈರಿ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಒಟ್ಟುಮಾಡಿದ ಇಟ್ಟಿಗೆಗೇ ಹೋಗಿ ಅಂಟಿಕೊಂಡು, ಒಳಪೊರೆಯಲ್ಲಿ ತೂತು ಕೊರೆಯುತ್ತದೆ. ಒಳಗಿನದೆಲ್ಲ ಸೋರಿ ಜೀವಿ ಸಾಯುತ್ತದೆ. ಬೀಜಕಗಳು ಮೊಳೆಯುವುದನ್ನೂ ಅದು ತಡೆಯುತ್ತದೆ. ಪಾಶ್ಚರ್ ಅವರ ಕುದಿಸಿದ ಹಾಲನ್ನು ಕೆಡಿಸಿದಂಥ ಬೀಜಕಗಳಿಗೂ, ಚೀಸನ್ನು ಉಬ್ಬಿಸುವ ಗಾಳಿಯೊಲ್ಲದ ಜೀವಿಗಳಿಗೂ ಹಾಲಿನೊಳಗಿಂದಲೇ ಮದ್ದು ಸಿಕ್ಕಂತಾಯಿತು. ಅಂಗಡಿಯಿಂದ ತಂದ ಸಂಸ್ಕರಿಸಿದ ಚೀಸ್ ಡಬ್ಬಿಯ ಮೇಲೆ ಸಂರಕ್ಷಕ 234 ಎಂದಿದ್ದರೆ ಅದು ಈ ನೈಸಿನ್. ಹೆದರಬೇಕಾಗಿಲ್ಲ, ಹೊಟ್ಟೆಯಲ್ಲಿ ಅದು ಬೇರೆ ಪ್ರೋಟೀನಿನಂತೆ ಜೀರ್ಣವಾಗುತ್ತದೆ.

ಆದರೆ ನೈಸಿನ್ ಎಲ್ಲದಕ್ಕೂ ಮದ್ದಲ್ಲ. ಟೈಫಾಯ್ಡಿನ ಬ್ಯಾಕ್ಟೀರಿಯಾಕ್ಕೆ ಹೊರಗೆ ಇನ್ನೊಂದು ಪೊರೆಯಿದೆ, ನೈಸಿನ್ ಅದನ್ನು ದಾಟಲಾರದು. ಮೊಸರು ತಿಂದರೆ ಟೈಫಾಯ್ಡ್ ಬಾರದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಸಿ ಹಾಲನ್ನು ಕಾಯಿಸಿಯೇ ಹೆಪ್ಪು ಹಾಕಿ.

ಇನ್ನು ಹಸು ಸಾಕಿರುವವರಿಗೆ ಒಂದು ಮಾತು. ಕೆಚ್ಚಲುಬಾವಿಗೆಂದು ಪಶುವೈದ್ಯರು ಮೊಲೆತೊಟ್ಟಿನೊಳಗೆ ಟ್ಯೂಬಿನ ಮದ್ದು ಹಾಕಿದಾಗ ಇಷ್ಟು ದಿನ ಹಾಲು ಬಳಸಬೇಡಿ ಎನ್ನುತ್ತಾರೆ. ಆ ಮದ್ದು ಎಷ್ಟೋ ಸಲ ಪೆನಿಸಿಲಿನ್ ಜಾತಿಯದು. ಪೆನಿಸಿಲಿನ್ ಎಂದರೆ ಬೂಷ್ಟು ಹುಟ್ಟಿಸುವ ರಸ, 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು. ಮೊಸರಿನ ಬ್ಯಾಕ್ಟೀರಿಯಾಕ್ಕೆ ಅದರ ಅತ್ಯಲ್ಪ ಅಂಶವೂ ತಡೆಯಲಾಗದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಹಾಲು ಹಾಲಾಗಿಯೇ ಇರುತ್ತದೆ, ಇಲ್ಲವೇ ನೀರುನೀರಾಗಿ ನೂಲು ಬಿಡುತ್ತದೆ. ಕುದಿಸಿದರೂ ಮದ್ದಿನ ಅಂಶ ಪೂರ್ತಿ ಹೋಗುವುದಿಲ್ಲ. ಒಂದು ಮನೆಯ ಎರಡು ಲೀಟರ್ ಸೊಸೈಟಿಯ ಕ್ಯಾನಿಗೆ ಬಿದ್ದರೆ ಊರಿನ ಹಾಲೆಲ್ಲ ಕೆಡುತ್ತದೆ. ಅದನ್ನು ಕುಡಿದ ಮಕ್ಕಳ ಹೊಟ್ಟೆಯಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತದೆ. ನಾಲ್ಕು ದಿನದ ಹಾಲಿನ ಹಣ ದೊಡ್ಡದೆಂದು ನನಗೆ ಗೊತ್ತು. ಆದರೂ ಆ ಹಾಲನ್ನು ಮಾರುವುದು ಕಳ್ಳತನಕ್ಕಿಂತ ಕಡಿಮೆಯ ತಪ್ಪೆಂದು ನನಗೆ ತೋರುವುದಿಲ್ಲ.

ಟೈಫಾಯ್ಡಿಗೆ ಮದ್ದು ಬಂದದ್ದು 1948ರಲ್ಲಿ. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಮಣ್ಣಿನಲ್ಲಿದ್ದ ಒಂದು ಜೀವಿಯಿಂದ ಸಿಕ್ಕ ಕ್ಲೋರಾಂಫೆನಿಕಾಲ್ ಅದು. ಪಾಶ್ಚರ್ ಅವರ ಭರವಸೆ ಹುಸಿಯಾಗಲಿಲ್ಲ, ಆದರೆ ಜಾನ್ ಮತ್ತು ಸೆಸಿಲ್ ಮಣ್ಣು ಸೇರಿ ಆಗಲೇ ಎಂಬತ್ತು ವರ್ಷಗಳಾಗಿದ್ದವು. ಅದಾಗಿ ಕಾಲು ಶತಮಾನವೂ ತುಂಬುವ ಮೊದಲೇ, 1972ರಲ್ಲಿ, ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಆ ಮದ್ದಿಗೆ ಬಗ್ಗದ ಟೈಫಾಯ್ಡ್ ಹರಡಿತು. ಜ್ವರ ಇಳಿದ ಕೂಡಲೇ ಮಾತ್ರೆ ನಿಲ್ಲಿಸುವುದು, ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಡುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ.

ಪಾಶ್ಚರ್ ಅವರ ಉಳಿದ ಕಥೆಯನ್ನು ಬೇಗ ಹೇಳುತ್ತೇನೆ. 1881ರಲ್ಲಿ ನೆರಡಿಗೆ ಲಸಿಕೆ, 1885ರ ಜುಲೈಯಲ್ಲಿ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಹುಚ್ಚುನಾಯಿ ಕಡಿತದ ಚುಚ್ಚುಮದ್ದು, 1888ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಹೆಸರಿನ ಸಂಸ್ಥೆ. ಅವರು ಸಂತರೇನಲ್ಲ. ಮುಂಗೋಪ, ಕೀರ್ತಿಯ ಆಸೆ, ಎದುರಾಳಿಗಳ ಮೇಲೆ ಕಟುವಾದ ಮಾತು ಎಲ್ಲವೂ ಇದ್ದವು. 1881ರ ಪ್ರಸಿದ್ಧ ಲಸಿಕೆ ಪ್ರಯೋಗದಲ್ಲಿ ತಾವು ಬಳಸಿದ ವಿಧಾನವನ್ನು ಅವರು ಲೋಕಕ್ಕೆ ಸರಿಯಾಗಿ ಹೇಳಲಿಲ್ಲವೆಂಬುದು ಅವರ ಟಿಪ್ಪಣಿ ಪುಸ್ತಕಗಳಿಂದ ಬಯಲಾಗಿದೆ. ವಿಶ್ವಾಸಿ ಎಂಬ ಕಾರಣಕ್ಕೆ ನಾವು ಅದನ್ನು ಮುಚ್ಚಿಡಬೇಕಾಗಿಲ್ಲ.

ರೈಲಿನಲ್ಲಿ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದ ಮುದುಕನನ್ನು ಒಬ್ಬ ವಿದ್ಯಾರ್ಥಿ ಗೇಲಿ ಮಾಡಿ, ಕೊನೆಗೆ ಆ ಮುದುಕ ಪಾಶ್ಚರ್ ಎಂದು ತಿಳಿದು ನಾಚಿದ ಕಥೆಯನ್ನು ನೀವು ಪ್ರಬೋಧನೆಗಳಲ್ಲಿ ಕೇಳಿರುತ್ತೀರಿ. ಕಥೆ ಚೆನ್ನಾಗಿದೆ, ಆದರೆ ಅದಕ್ಕೆ ನಂಬುವಂಥ ಆಧಾರವಿಲ್ಲ. ನಮಗೆ ಅದು ಬೇಕಾಗಿಯೂ ಇಲ್ಲ. ಅವರು ತಪ್ಪದೆ ದೇವಾಲಯಕ್ಕೆ ಹೋಗುವವರಾಗಿದ್ದರೇ ಎಂಬುದರಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ. 1882ರಲ್ಲಿ ಫ್ರೆಂಚ್ ಅಕಾಡೆಮಿಗೆ ಸೇರಿದ ದಿನ, ದೇವರನ್ನು ಕಾಲಬಾಹಿರವೆಂದು ಕಾಣುತ್ತಿದ್ದ ಪಂಡಿತರೂ ಇದ್ದ ಸಭೆಯಲ್ಲಿ ನಿಂತು, ಮನುಷ್ಯನ ಎದೆಯೊಳಗಿರುವ ಅನಂತದ ಅರಿವನ್ನು ಯಾವ ವಿಜ್ಞಾನವೂ ಅಳಿಸಲಾರದೆಂಬ ಅರ್ಥ ಬರುವಂತೆ ಮಾತಾಡಿದರೆಂಬುದಂತೂ ದಾಖಲಾಗಿದೆ.

ಕೊನೆಯ ತಿಂಗಳುಗಳನ್ನು ಅವರು ಪ್ಯಾರಿಸ್ಸಿನ ಹೊರಗೆ ವಿಲ್ನವ್ ಲೆತಾಂ ಎಂಬಲ್ಲಿ ಕಳೆದರು. ಮನೆಯವರು ಅವರಿಗೆ ಸಂತ ವಿನ್ಸೆಂಟ್ ದೆ ಪೌಲರ ಜೀವನಚರಿತ್ರೆ ಓದಿ ಹೇಳುತ್ತಿದ್ದರು. ಬಡ ರೈತನ ಮಗನಾಗಿ ಹುಟ್ಟಿ, ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ಎತ್ತಿ ಸಾಕಿದ ಆ ಸಂತನ ಕಥೆ ಅವರಿಗೆ ಬಹಳ ಹಿಡಿಸಿತ್ತು. 1895ರ ಸೆಪ್ಟೆಂಬರ್ 28ರ ಸಂಜೆ ಅವರು ಪ್ರಾಣಬಿಟ್ಟರು. ಒಂದು ಕೈ ಮರೀಯ ಕೈಯಲ್ಲಿತ್ತು, ಇನ್ನೊಂದರಲ್ಲಿ ಶಿಲುಬೆ.

ಅಂತ್ಯಕ್ರಿಯೆಯ ಬಲಿಪೂಜೆ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ನಡೆಯಿತು. ಮರುವರ್ಷದ ಜನವರಿಯಲ್ಲಿ ದೇಹವನ್ನು ಅವರ ಸಂಸ್ಥೆಯ ನೆಲಮಾಳಿಗೆಯ ಸಮಾಧಿಗೆ ತಂದರು. ಮೇಲಿನ ಗುಮ್ಮಟದಲ್ಲಿ ಬಣ್ಣದ ಹರಳುಗಳಲ್ಲಿ ಮಾಡಿದ ನಾಲ್ವರು ದೇವದೂತರಿದ್ದಾರೆ. ವಿಶ್ವಾಸ, ಭರವಸೆ, ಪ್ರೀತಿ ನಮಗೆ ಧರ್ಮೋಪದೇಶದಿಂದ ಪರಿಚಿತ. ನಾಲ್ಕನೆಯ ದೂತನ ಹೆಸರು ವಿಜ್ಞಾನ. 1910ರಲ್ಲಿ ಮರೀ ತೀರಿಕೊಂಡಾಗ ಆಕೆಯನ್ನೂ ಅಲ್ಲಿಯೇ, ಗಂಡನ ಬಳಿ ಇಟ್ಟರು.